ಏಳನೇ ಕ್ಲಿನಿಕ್ಕಿನ ಕಾಣದ ಕಾಲಂ

"ಸ್ಟ್ರೆಚರ್ ತಳ್ಳೋನ ಕೈಗೆ ಕಂಪ್ಯೂಟರ್ ಕೊಟ್ರೆ ಇನ್ನೇನಾಗುತ್ತೆ? ಅದನ್ನೂ ತಳ್ಕೊಂಡೇ ಹೋಗ್ತಾನೆ!"

ಬೆಳಿಗ್ಗೆ ಏಳೂವರೆ. ಆಸ್ಪತ್ರೆಯ ಎರಡನೇ ಮಹಡಿಯ ಸಭೆ ಕೋಣೆ. ಮಾತು ಆಡಳಿತ ವ್ಯವಸ್ಥಾಪಕರದ್ದು. ಉದ್ದನೆಯ ಮೇಜಿನ ಸುತ್ತ ಹದಿನಾಲ್ಕು ಜನ ಕೂತಿದ್ದಾರೆ. ಒಂಬತ್ತು ಜನ ನಗುತ್ತಾರೆ. ಬೈಸಿಕೊಂಡವರು ಬಾಗಿಲ ಪಕ್ಕ ನಿಂತಿದ್ದಾರೆ, ಕೂರಲು ಕುರ್ಚಿಯಿಲ್ಲ. ನಲವತ್ಮೂರರ ವಯಸ್ಸು, ಅಗಲ ಭುಜ, ಕೈಯಲ್ಲಿ ಅಂಚು ಸವೆದ ನೋಟ್‌ಬುಕ್ಕು. ನಕ್ಕವರ ಲೆಕ್ಕ ಕೊಟ್ಟಿದ್ದೂ ಅವರೇ. "ಒಂಬತ್ತು ಜನ. ಹತ್ತನೆಯವರು ಕೆಮ್ಮಿದ್ದು, ನಕ್ಕಿದ್ದಲ್ಲ" ಎನ್ನುತ್ತಾರೆ ಆಮೇಲೆ, ತೀರಾ ಗಂಭೀರವಾಗಿ.

ಇಡೀ ಆಸ್ಪತ್ರೆಗೆ ಇವರು ಕಣ್ಣಾಮುಚ್ಚಾಲೆ ಅಣ್ಣ. ನರ್ಸ್‌ಗಳು ಇಟ್ಟ ಹೆಸರು. ಆಸ್ಪತ್ರೆಗೆ ಊರಿನ ಬೇರೆ ಬೇರೆ ಮೂಲೆಗಳಲ್ಲಿ ಹನ್ನೊಂದು ಕ್ಲಿನಿಕ್‌ಗಳಿವೆ. ಯಾವುದು ಇವತ್ತು ತೆರೆದಿದೆ, ಎಷ್ಟು ಹೊತ್ತಿಗೆ, ಎಷ್ಟು ಯಂತ್ರ ಖಾಲಿ ಇವೆ ಅಂತ ಜನ ಫೋನಿನಲ್ಲೇ ನೋಡಿಕೊಂಡು ಮನೆ ಬಿಡುತ್ತಾರೆ. ಹಾಗೆ ಅವರು ನೋಡುವ ಪುಟದ ಹಿಂದೆ ಒಂದು ಫಾರ್ಮು ಇರುತ್ತದೆ. ಅದನ್ನು ಪ್ರತಿದಿನ ಆಯಾ ಕ್ಲಿನಿಕ್ಕಿನ ಹಿರಿಯ ನರ್ಸ್ ತುಂಬಬೇಕು. ಫಾರ್ಮಿನಲ್ಲಿರುವುದು ಅರವತ್ಮೂರು ಕಾಲಂ. ಆದರೆ ಒಂದೇ ಸಲಕ್ಕೆ ಅಷ್ಟೂ ಕಣ್ಣಿಗೆ ಬೀಳುವುದಿಲ್ಲ. 'ಲಸಿಕೆ ಇದೆ' ಅಂತ ಒತ್ತಿದರೆ ಲಸಿಕೆಯ ಐದು ಕಾಲಂ ಹೊರಬರುತ್ತವೆ. 'ಇಲ್ಲ' ಎಂದರೆ ಆ ಐದೂ ಮಾಯ. ಯಾವುದು ಯಾವಾಗ ಕಾಣಬೇಕು, ಯಾವಾಗ ಅಡಗಬೇಕು ಅಂತ ಬರೆದಿಟ್ಟ ಷರತ್ತುಗಳು ಇಪ್ಪತ್ತೆಂಟು. ಆ ಇಪ್ಪತ್ತೆಂಟನ್ನೂ ಕಾಯುವುದು, ಕೆಟ್ಟಾಗ ಸರಿಪಡಿಸುವುದು ಅಣ್ಣನ ಕೆಲಸ.

ಇವತ್ತಿನ ಬೈಗುಳಕ್ಕೆ ಕಾರಣ ಏಳನೇ ಕ್ಲಿನಿಕ್ಕು. ಅಲ್ಲಿ ನಡೆಯುವುದು ಡಯಾಲಿಸಿಸ್. ಸೋಮವಾರ ಸಂಜೆ ಅಲ್ಲಿನ ನೀರು ಶುದ್ಧಮಾಡುವ ಯಂತ್ರ ಕೆಟ್ಟುಹೋಯಿತು. ಶುದ್ಧ ನೀರಿಲ್ಲದೆ ಡಯಾಲಿಸಿಸ್ ಇಲ್ಲ. ಇಪ್ಪತ್ತೆರಡು ವರ್ಷದಿಂದ ಅಲ್ಲೇ ಇರುವ ಹಿರಿಯ ಸಿಸ್ಟರ್, ಮರುದಿನ ಬರಬೇಕಿದ್ದ ರೋಗಿಗಳಿಗೆಲ್ಲ ಫೋನ್ ಮಾಡಿ, ಫಾರ್ಮು ತೆರೆದು 'ನಾಳೆ ಮುಚ್ಚಿದೆ' ಎಂದು ಒತ್ತಿ ಮನೆಗೆ ಹೋದರು. ಆದರೆ ಮಂಗಳವಾರ ನಸುಕಿನಲ್ಲಿ ಒಬ್ಬ ವೃದ್ಧ ದರ್ಜಿ ಮಗಳ ಜೊತೆ ಬಂದು ಮೆಟ್ಟಿಲ ಮೇಲೆ ಕೂತರು. ಅವರ ಹೆಸರು ಪಟ್ಟಿಯಲ್ಲಿರಲಿಲ್ಲ. ಬೇರೆ ಕಡೆ ಸರದಿ ತಪ್ಪಿಹೋಗಿ, ವೆಬ್‌ಸೈಟಿನಲ್ಲಿ 'ಬೆಳಿಗ್ಗೆ ಆರಕ್ಕೆ ಎರಡು ಯಂತ್ರ ಖಾಲಿ' ಎಂದಿದ್ದನ್ನು ನೋಡಿ ಬಂದಿದ್ದರು. ಎರಡೂವರೆ ತಾಸು ಕಾದರು. ಉಸಿರು ಕಟ್ಟತೊಡಗಿದಾಗ ಮಗಳು ಆಂಬುಲೆನ್ಸ್ ಕರೆದರು. ಮಧ್ಯಾಹ್ನದ ಹೊತ್ತಿಗೆ ದೊಡ್ಡ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಆಗಿ ಅಜ್ಜ ಚೇತರಿಸಿಕೊಂಡಿದ್ದಾರೆ. ಮಗಳ ದೂರು ಮಾತ್ರ ಮುಖ್ಯ ವೈದ್ಯರ ಮೇಜಿನ ಮೇಲಿದೆ.

ಹಾಗಾಗಿ ಬುಧವಾರ ಬೆಳಿಗ್ಗೆ ಈ ಸಭೆ. ಸಿಸ್ಟರ್ ಎದ್ದುನಿಂತು ಹೇಳಿದ್ದು ಒಂದೇ ಮಾತು: "ನಾನು ಮುಚ್ಚಿದೆ ಅಂತ ಹಾಕಿದೀನಿ ಸರ್. ಆಮೇಲೆ ಟೈಮಿಂದು ಕಾಲಂ ಕಾಣ್ಲೇ ಇಲ್ಲ. ಕಾಣದ್ದನ್ನ ಹೇಗೆ ಅಳಿಸ್ಲಿ?" ವ್ಯವಸ್ಥಾಪಕರು ಗೋಡೆಯ ಪರದೆ ಮೇಲೆ ಏಳನೇ ಕ್ಲಿನಿಕ್ಕಿನ ಫಾರ್ಮು ತೆರೆದು ತೋರಿಸಿದರು. ಅಷ್ಟು ಹೊತ್ತಿಗೆ ಯಂತ್ರ ರಿಪೇರಿಯಾಗಿ ಕ್ಲಿನಿಕ್ ತೆರೆದಿತ್ತು. 'ಸಮಯ' ಎನ್ನುವ ಕಾಲಂ ಕಣ್ಣಿಗೆ ಹೊಡೆಯುವಂತೆ ಕೂತಿತ್ತು. "ಇಷ್ಟಗಲ ಕಾಲಂ ಕಾಣ್ಲಿಲ್ವಾ ಸಿಸ್ಟರ್? ಕನ್ನಡಕದ ನಂಬರ್ ಚೆಕ್ ಮಾಡಿಸ್ಕೊಳ್ಳಿ." ಬಾಗಿಲ ಬಳಿಯಿಂದ ಅಣ್ಣ "ಸರ್, ಮುಚ್ಚಿದೆ ಅಂತ ಹಾಕಿದಾಗ ಆ ಕಾಲಂ ಅಡಗುತ್ತೆ" ಎಂದು ಬಾಯಿ ತೆರೆದರು. ವ್ಯವಸ್ಥಾಪಕರು ಒಂದು ಹಾಳೆ ಎತ್ತಿ ಹಿಡಿದರು. ನಾಲ್ಕು ತಿಂಗಳ ಹಿಂದೆ ಹೊರಗಿನ ಕಂಪನಿಯೊಂದು ವೆಬ್‌ಸೈಟಿಗೆ ಹೊಸ ವಿನ್ಯಾಸ ಮಾಡಿಕೊಟ್ಟಾಗ ಅಣ್ಣ ನಡೆಸಿದ ಪರೀಕ್ಷೆಯ ವರದಿ ಅದು. 'ಮುಚ್ಚಿದೆ ಎಂದು ಒತ್ತಿದರೆ ಸಮಯ ಹೊರಗಿನ ಪುಟದಲ್ಲಿ ಕಾಣುವುದಿಲ್ಲ. ಸರಿಯಾಗಿದೆ.' ಕೆಳಗೆ ಅಣ್ಣನ ಸಹಿ.

"ಕಾಣಲ್ಲ ಅಂತ ನೀನೇ ಬರ್ಕೊಟ್ಟಿದೀಯ. ಹೊರಗೆ ಕಂಡಿದೆ. ಅಂದ್ಮೇಲೆ ಈಯಮ್ಮ ಮುಚ್ಚಿದೆ ಅಂತ ಒತ್ತಿದ್ದೇ ಆಮೇಲೆ, ಗಲಾಟೆ ಆದ್ಮೇಲೆ. ಅಲ್ವಾ?" ಅಣ್ಣ ಮತ್ತೇನೋ ಹೇಳಹೋದಾಗಲೇ ಸ್ಟ್ರೆಚರಿನ ಮಾತು ಬಂದದ್ದು. ಓದಿದವರು ತುಂಬಿರುವ ಕೋಣೆಯಲ್ಲಿ ಓದು ಬಿಟ್ಟವನ ಸಹಿಗೆ ಯಾವತ್ತೂ ಕವಡೆ ಕಿಮ್ಮತ್ತಿಲ್ಲ. ಯಾರನ್ನಾದರೂ ಸಿಕ್ಕಿಸಬೇಕು ಎಂದಾಗ ಅದೇ ಸಹಿ ಬ್ರಹ್ಮಲಿಪಿಯಾಗುತ್ತದೆ. ತೀರ್ಮಾನವೂ ಅಲ್ಲೇ ಆಗುತ್ತದೆ: ಸಂಜೆ ಐದರೊಳಗೆ ಬೇರೆ ಕಾರಣ ಸಿಗದಿದ್ದರೆ ಸಿಸ್ಟರ್‌ಗೆ ನೋಟಿಸು, ಡಯಾಲಿಸಿಸ್ ವಿಭಾಗದಿಂದ ಎತ್ತಂಗಡಿ. ನೋಟಿಸು ಆಗಲೇ ಟೈಪ್ ಆಗಿದೆ. ಮುಖ್ಯ ವೈದ್ಯರ ಸಹಿಯೊಂದೇ ಬಾಕಿ.

ಅಣ್ಣ ಮೆಟ್ಟಿಲಿಳಿದು ತಮ್ಮ ಕೋಣೆಗೆ ಬರುತ್ತಾರೆ. ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ವಿಭಾಗದ ಪಕ್ಕ, ಹಿಂದೆ ಎಕ್ಸ್‌ರೇ ತೆಗೆಯುತ್ತಿದ್ದ ಕೋಣೆ ಅದು. ಬಾಗಿಲೊಳಗೆ ಸೀಸದ ತಗಡು ಇರುವುದರಿಂದ ತೆಗೆಯಲು ಹೆಗಲು ಕೊಡಬೇಕು. ಮುಚ್ಚಿದರೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಹಾಗಾಗಿ ಬಾಗಿಲಿಗೊಂದು ಇಟ್ಟಿಗೆ ಕೊಟ್ಟು, ಹೊಸ್ತಿಲ ಮೇಲೆ ಮೇಜು ಹಾಕಿಕೊಂಡಿದ್ದಾರೆ. ಅರ್ಧ ಮೇಜು ಒಳಗೆ, ಅರ್ಧ ಹೊರಗೆ. ಬಿಸಿ ಹಬೆಯ, ಸೋಪಿನ ವಾಸನೆ ದಿನವಿಡೀ. ಅವರು ಇಲ್ಲಿಗೆ ಬರುವುದು ಬೆಳಗಿನ ಜಾವ ನಾಲ್ಕೂ ಮುಕ್ಕಾಲಿಗೆ. ಕ್ಲಿನಿಕ್ಕುಗಳ ಪುಟ ಆರಕ್ಕೆ ಮುಂಚೆ ಸರಿಯಾಗಬೇಕು, ಆಮೇಲೆ ಜನ ಮನೆ ಬಿಟ್ಟಿರುತ್ತಾರೆ. ಐದರಿಂದ ಆರರವರೆಗೆ ಏನಿಲ್ಲವೆಂದರೂ ಹದಿನೈದು ಫೋನು. ದಿನಕ್ಕೆ ನಲವತ್ತು ದಾಟುತ್ತದೆ. "ಅಣ್ಣಾ, ಲಸಿಕೆ ಕಾಲಂ ಓಡಿಹೋಯ್ತು." "ಅಣ್ಣಾ, ಗಂಡಸರ ವಾರ್ಡಲ್ಲಿ ಹೆರಿಗೆ ದಿನಾಂಕ ಕೇಳ್ತಿದೆ, ಏನು ಮಾಡ್ಲಿ?" ಆ ಕೊನೆಯ ಪ್ರಶ್ನೆಗೆ ಅಣ್ಣ ಹೇಳಿದ್ದು: "ಸದ್ಯಕ್ಕೆ ಯಾರೂ ಇಲ್ಲ ಅಂತ ಹಾಕಿ ಸಿಸ್ಟರ್, ನಾನು ಬಂದು ನೋಡ್ತೀನಿ."

ಸ್ಟ್ರೆಚರ್ ತಳ್ಳಿದ್ದು ಸುಳ್ಳಲ್ಲ. ಹನ್ನೊಂದು ವರ್ಷ ತಳ್ಳಿದ್ದಾರೆ. ಅಪ್ಪ ತೀರಿಕೊಂಡ ವರ್ಷ ಎಂಟನೇ ತರಗತಿಗೆ ಶಾಲೆ ಬಿಟ್ಟವರು, ಹದಿನೆಂಟು ತುಂಬಿದ ವಾರವೇ ಇಲ್ಲಿಗೆ ಸೇರಿದರು. ಯಾವ ವಾರ್ಡಿನಲ್ಲಿ ಮಂಚ ಖಾಲಿ ಎಂದು ಬಾಯಲ್ಲಿ ಕೇಳಿಕೊಂಡು ಓಡುತ್ತಿದ್ದ ಕಾಲ. ಮೂರನೇ ಮಹಡಿಗೆ ತಳ್ಳಿಕೊಂಡು ಹೋದರೆ ಅಲ್ಲಿ ಮಂಚವಿಲ್ಲ; ಮತ್ತೆ ಕೆಳಗೆ. "ಪೇಶೆಂಟ್ ಮುಖ ನೋಡೋಕಾಗ್ತಿರ್ಲಿಲ್ಲ. ತಪ್ಪು ಮಾಹಿತಿ ಅಂದ್ರೆ ಏನು ಅಂತ ನಂಗೆ ಕಾಲಲ್ಲಿ ಗೊತ್ತು" ಎನ್ನುತ್ತಾರೆ. ಬೆನ್ನುಮೂಳೆಯ ಒಂದು ಬಿಲ್ಲೆ ಜಾರಿದಾಗ ದಾಖಲೆ ಕೋಣೆಗೆ ಹಾಕಿದರು. ಅಲ್ಲಿ ಮೂಲೆಯಲ್ಲಿದ್ದ ಕಂಪ್ಯೂಟರ್ ಯಾರೂ ಮುಟ್ಟುತ್ತಿರಲಿಲ್ಲ. ಇವರು ಮುಟ್ಟಿದರು. ಒಂದು ಪುಟ ಹೇಗಿದೆ ಅಂತ ಬಿಚ್ಚುವುದು, ಕೆಡಿಸುವುದು, ಮೊದಲಿನಂತೆ ಜೋಡಿಸುವುದು. ಗುರು ಅಂತ ಯಾರೂ ಇಲ್ಲ. ಕೆಟ್ಟಾಗ ಬೈದವರೆಲ್ಲ ಗುರುಗಳೇ.

ಬೇಕರಿಯಲ್ಲಿ ಬ್ರೆಡ್ಡು ಪ್ಯಾಕ್ ಮಾಡುವ ಹೆಂಡತಿಗೆ ಗಂಡನ ಕೆಲಸ ಅರ್ಥವಾಗಿದೆ, ತಮ್ಮದೇ ರೀತಿಯಲ್ಲಿ. "ಮನೇಲೂ ಇದೇ ಕಥೆ" ಎನ್ನುತ್ತಾರೆ. "ಸಕ್ಕರೆ ಡಬ್ಬಿ ಎಲ್ಲಿಟ್ರಿ ಅಂದ್ರೆ, ಟೀಗೆ ನೀರಿಡು ಕಾಣುತ್ತೆ ಅಂತಾರೆ!"

ಈಗ ಎಂಟೂಕಾಲು. ಅಣ್ಣ ಜನರಿಗೆ ಕಾಣದ ಒಂದು ಪರೀಕ್ಷೆಯ ಪುಟ ಹೊಸದಾಗಿ ತೆರೆಯುತ್ತಾರೆ. 'ಮುಚ್ಚಿದೆ' ಒತ್ತುತ್ತಾರೆ. ಫಾರ್ಮಿನಲ್ಲಿ ಸಮಯದ ಕಾಲಂ ಅಡಗುತ್ತದೆ. ಹೊರಗಿನ ಪುಟದಲ್ಲಿ ಸಮಯ ಇಲ್ಲ. ಸರಿಯಾಗಿದೆ. ಇನ್ನೊಮ್ಮೆ, ಹಳೆ ಬ್ರೌಸರಿನಲ್ಲಿ. ಸರಿಯಾಗಿದೆ. ಮೊಬೈಲಿನಲ್ಲಿ, ಒಗೆಯುವ ವಿಭಾಗದವರ ಮೊಬೈಲಿನಲ್ಲಿ, ನರ್ಸ್ ಲಾಗಿನ್ ಹಾಕಿ. ಒಂಬತ್ತು ಸಲ ಮಾಡುತ್ತಾರೆ. ಒಂಬತ್ತು ಸಲವೂ ಅವರ ಸಹಿಯೇ ಗೆಲ್ಲುತ್ತದೆ. ಗೆದ್ದಷ್ಟೂ ಸಿಸ್ಟರ್ ಸೋಲುತ್ತಿದ್ದಾರೆ.

ದರ್ಜಿ ಅಜ್ಜನ ಮಗಳಿಗೆ ಫೋನ್ ಮಾಡುತ್ತಾರೆ. ಆಕೆ ಸಿಟ್ಟಿನಲ್ಲಿದ್ದಾರೆ, ಇರಲೇಬೇಕು. "ಇನ್ನೇನು ಬೇಕು ನಿಮಗೆ? ಸಾಕ್ಷೀನಾ?"

"ಹೌದಮ್ಮಾ, ಸಾಕ್ಷೀನೇ. ನಿನ್ನೆ ಫೋನಲ್ಲಿ ಏನು ಕಾಣ್ತು ಅಂತ ಸ್ವಲ್ಪ ಹೇಳ್ತೀರಾ? ಅಪ್ಪ ಹೇಗಿದಾರೆ?"

ಕೊನೆಯ ಪ್ರಶ್ನೆಗೆ ಆಕೆಯ ದನಿ ಮೆತ್ತಗಾಗುತ್ತದೆ. ಅಪ್ಪನಿಗೆ ತೋರಿಸಲು ಆ ಪುಟದ ಚಿತ್ರ ತೆಗೆದಿಟ್ಟುಕೊಂಡಿದ್ದರಂತೆ. ಕಳಿಸುತ್ತಾರೆ. ಮಂಗಳವಾರ ನಸುಕು ನಾಲ್ಕು ಹತ್ತರ ಚಿತ್ರ: 'ಆರಕ್ಕೆ ಎರಡು ಯಂತ್ರ ಖಾಲಿ.' ಇತ್ತ ಒಳಗಿನ ದಾಖಲೆಯಲ್ಲಿ ಸಿಸ್ಟರ್ 'ಮುಚ್ಚಿದೆ' ಒತ್ತಿದ್ದು ಸೋಮವಾರ ಸಂಜೆ ಆರು ಐವತ್ತಕ್ಕೆ. ಎರಡೂ ನಿಜ. ಮಧ್ಯೆ ಇವರ ಪರೀಕ್ಷೆ ನಿಂತು 'ಹಾಗಾಗಲು ಸಾಧ್ಯವೇ ಇಲ್ಲ' ಎನ್ನುತ್ತಿದೆ. ದಾಖಲೆಯ ಗಂಟೆ ತೋರಿಸಿದರೆ ಮುಗಿಯಲಿಲ್ಲವೇ? ಅಣ್ಣ ಅದನ್ನೂ ಮಾಡುತ್ತಾರೆ, ಮೇಲಕ್ಕೆ ಫೋನ್ ಹಚ್ಚಿ. "ಆ ಗಂಟೆ ನಿನ್ನ ಸಿಸ್ಟಮ್ಮಿಂದು, ನೀನೇ ತಿದ್ದಬಹುದು. ಕಾರಣ ತಗೊಂಡು ಬಾ" ಎಂದು ವ್ಯವಸ್ಥಾಪಕರು ಫೋನಿಡುತ್ತಾರೆ.

ಹನ್ನೊಂದು ಗಂಟೆಗೆ ಅಣ್ಣ ಬಸ್ಸು ಹತ್ತಿ ಏಳನೇ ಕ್ಲಿನಿಕ್ಕಿಗೆ ಹೋಗುತ್ತಾರೆ. ಇದು ಅವರ ಪದ್ಧತಿ. ಕೂತಲ್ಲೇ ಸಿಗದಿದ್ದರೆ, ತಪ್ಪಾದ ಜಾಗಕ್ಕೆ ಹೋಗಿ, ಕೆಲಸ ಮಾಡಿದವರ ಕೈಯಲ್ಲೇ ಮತ್ತೆ ಮಾಡಿಸಬೇಕು. ತಾವು ಮೌಸ್ ಮುಟ್ಟುವುದಿಲ್ಲ. ಹಿಂದೆ ನಿಂತು ಎರಡೂ ಕೈ ಬೆನ್ನಿಗೆ ಕಟ್ಟಿಕೊಳ್ಳುತ್ತಾರೆ. ಕಟ್ಟಿಕೊಳ್ಳದಿದ್ದರೆ ಕೈ ತಾನಾಗಿ ಮುಂದೆ ಹೋಗುತ್ತದಂತೆ.

ಕ್ಲಿನಿಕ್ಕಿನಲ್ಲಿ ಆರು ಯಂತ್ರಗಳು ಮೆಲ್ಲಗೆ ತಿರುಗುತ್ತಿವೆ. ಆರು ಮಂಚಗಳಲ್ಲಿ ಆರು ಜನ, ಒಬ್ಬರು ಪದಬಂಧ ಬಿಡಿಸುತ್ತಿದ್ದಾರೆ. ಸಿಸ್ಟರ್ ಒಬ್ಬರ ತೋಳಿನ ಪಟ್ಟಿ ಸರಿಮಾಡಿ, ಕೈ ತೊಳೆದು ಬರುತ್ತಾರೆ. ಕಣ್ಣು ಕೆಂಪಗಿದೆ.

"ಏನಪ್ಪಾ, ನೀನೂ ನನ್ ಕನ್ನಡಕ ನೋಡೋಕೆ ಬಂದ್ಯಾ?"

"ಇಲ್ಲ ಅಕ್ಕಾ. ನಿಮ್ ಕೈ ನೋಡೋಕೆ ಬಂದೆ. ಸೋಮವಾರ ಏನು ಮಾಡಿದ್ರೋ ಹಾಗೇ ಮಾಡಿ. ಹೊರಗೆ ಜನಕ್ಕೆ ಕಾಣ್ದೇ ಇರೋ ಹಾಗೆ ಒಂದು ಪರೀಕ್ಷೆ ಪುಟ ಇದೆ, ಅದರಲ್ಲಿ."

ಸಿಸ್ಟರ್ ಆ ಪುಟ ನೋಡಿ ತಲೆಯಾಡಿಸುತ್ತಾರೆ. "ಇದು ಖಾಲಿ ಪುಟ ಕಣಪ್ಪಾ. ನಾನ್ಯಾಕೆ ಖಾಲಿ ಪುಟ ತೆಗೀಲಿ? ನಮ್ದು ಒಂದೇ ಪುಟ. ನಿನ್ನೆ ಬರ್ದಿದ್ದರ ಮೇಲೇ ಇವತ್ತು ತಿದ್ದೋದು. ಮೊದ್ಲು ಮಧ್ಯಾಹ್ನನೇ ಆರು ಗಂಟೆ, ಎರಡು ಯಂತ್ರ ಅಂತ ಮರುದಿನದ್ದು ಹಾಕಿದ್ದೆ. ಸಂಜೆ ಯಂತ್ರ ಕೆಟ್ಮೇಲೆ ಅದರ ಮೇಲೇ ಮುಚ್ಚಿದೆ ಒತ್ತಿದ್ದು."

ಬೆನ್ನ ಹಿಂದೆ ಅಣ್ಣನ ಕೈಗಳು ಬಿಚ್ಚಿಕೊಳ್ಳುತ್ತವೆ. "ಒಂದ್ನಿಮಿಷ" ಎನ್ನುತ್ತಾರೆ. ಏಳನೇ ಕ್ಲಿನಿಕ್ಕಿನ ಪುಟವನ್ನು, ಅದರೊಳಗೆ ತುಂಬಿದ್ದೆಲ್ಲದರ ಸಮೇತ, ಒಂದು ನಕಲು ಮಾಡುತ್ತಾರೆ. "ಈಗ ಇದರಲ್ಲಿ ಒತ್ತಿ ಅಕ್ಕಾ." ಸಿಸ್ಟರ್ 'ಮುಚ್ಚಿದೆ' ಒತ್ತುತ್ತಾರೆ. ಸಮಯದ ಕಾಲಂ ಫಾರ್ಮಿನಿಂದ ಮಾಯ. ಉಳಿಸುತ್ತಾರೆ. ಅಣ್ಣ ತಮ್ಮ ಮೊಬೈಲಿನಲ್ಲಿ ಹೊರಗಿನ ಪುಟ ನೋಡುತ್ತಾರೆ. ಸಮಯ ಅಲ್ಲೇ ಕೂತಿದೆ, ಎರಡು ಯಂತ್ರದ ಸಮೇತ.

ಕಾಲಂ ಅಡಗಿತ್ತು, ಅದರೊಳಗೆ ಬರೆದದ್ದು ಅಳಿಸಿರಲಿಲ್ಲ. ಪರದೆ ಎಳೆದರೆ ಕೋಣೆಯಲ್ಲಿರುವವನು ಎದ್ದು ಹೋಗುತ್ತಾನೆಯೇ? ಹಳೆಯ ವಿನ್ಯಾಸದಲ್ಲಿ ಹೊರಗಿನ ಪುಟ ಮೊದಲು 'ಕ್ಲಿನಿಕ್ ತೆರೆದಿದೆಯೇ' ಎಂದು ನೋಡಿಕೊಂಡು, ತೆರೆದಿದ್ದರಷ್ಟೇ ಸಮಯ ತೋರಿಸುತ್ತಿತ್ತು. ಹೊಸ ವಿನ್ಯಾಸ ಮಾಡಿದ ಕಂಪನಿ ಆ ವಿಚಾರಣೆಯನ್ನೇ ಬಿಟ್ಟುಬಿಟ್ಟಿತ್ತು. ಒಳಗೆ ಏನು ಬಿದ್ದಿದೆಯೋ ಅದನ್ನು ತೋರಿಸುವುದು, ಅಷ್ಟೇ. ಅಣ್ಣ ಪರೀಕ್ಷೆ ಮಾಡಿದ್ದು ಪ್ರತಿ ಸಲವೂ ಹೊಸ, ಖಾಲಿ ಪುಟದಲ್ಲಿ. ಖಾಲಿ ಕಾಲಂ ಅಡಗಿದರೇನು, ಅಡಗದಿದ್ದರೇನು, ಹೊರಗೆ ಕಾಣಲು ಅದರಲ್ಲಿ ಏನಿತ್ತು? ನಾಲ್ಕು ತಿಂಗಳಲ್ಲಿ ಕ್ಲಿನಿಕ್ಕುಗಳು ಹೀಗೆ ಮುಚ್ಚಿದ್ದು ಐದೇ ಸಲ. ನಾಲ್ಕು ಸಲ ಮೊದಲೇ ಸಾರಿದ ರಜೆ, ಯಾರೂ ಬಂದಿರಲಿಲ್ಲ. ಐದನೆಯದು ದರ್ಜಿ ಅಜ್ಜನ ಮೇಲೆ ಬಿತ್ತು.

ಅಣ್ಣ ಸ್ಟೂಲಿನ ಮೇಲೆ ಕೂತುಬಿಡುತ್ತಾರೆ. ಪದಬಂಧದವರು ತಲೆಯೆತ್ತಿ ನೋಡಿ ಮತ್ತೆ ಬಗ್ಗುತ್ತಾರೆ.

"ಸಿಕ್ತಾ?" ಸಿಸ್ಟರ್ ಕೇಳುತ್ತಾರೆ.

"ಸಿಕ್ತು. ನಿಮ್ದೇನೂ ತಪ್ಪಿಲ್ಲ. ಕಂಪನಿದು ಒಂದು. ಇನ್ನೊಂದು ನಂದು. ನೋಡ್ದೇನೇ ಸರಿ ಇದೆ ಅಂತ ಸಹಿ ಹಾಕ್ದಂಗಾಯ್ತು."

"ಕಂಪನಿದು ಅಂತಷ್ಟೇ ಹೇಳು ಸಾಕು. ನಾನೂ ಬಚಾವ್, ನೀನೂ ಬಚಾವ್. ಆ ಮನುಷ್ಯನ ಬಾಯಿಗೆ ನೀನಾಗೇ ಯಾಕೆ ಹೋಗಿ ಬೀಳ್ತೀಯ?"

"ಕಂಪನಿದು ಅಂತ ಮಾತ್ರ ಅಂದ್ರೆ, ನನ್ ಸಹಿ ಹಂಗೇ ನಿಲ್ಲುತ್ತಲ್ಲ ಅಕ್ಕಾ. ಅದು ನಿಂತಿರೋ ತನಕ ನೀವು ಸುಳ್ಳು ಹೇಳಿದೀರಿ ಅಂತಾನೇ ಆಗುತ್ತೆ. ಅದನ್ನ ನಾನೇ ಹೊಡೆದು ಹಾಕ್ಬೇಕು."

ಸಿಸ್ಟರ್ ಫ್ಲಾಸ್ಕಿನಿಂದ ಟೀ ಬಗ್ಗಿಸಿ ಕೊಡುತ್ತಾರೆ. "ಮೊದ್ಲು ಇದು ಕುಡಿ. ನಿನ್ ಮುಖ ನೋಡಿದ್ರೆ ಇನ್ನೊಂದು ಮಂಚ ಹಾಕ್ಬೇಕೇನೋ ಅನ್ನಿಸ್ತಿದೆ."

ಸರಿಪಡಿಸಲು ಹಿಡಿಯುವುದು ಪ್ರೋಗ್ರಾಮಿನ ಎರಡು ಸಾಲು, ಹತ್ತು ನಿಮಿಷ. ಹೊರಗಿನ ಪುಟ ಈಗ ಮೊದಲಿನಂತೆ ಕೇಳಿಕೊಂಡೇ ತೋರಿಸುತ್ತದೆ. ಇನ್ನುಳಿದ ಹತ್ತು ಕ್ಲಿನಿಕ್ಕುಗಳ ಪುಟಗಳನ್ನೂ ನಕಲು ಮಾಡಿ, ಒಂದೊಂದನ್ನೂ ಮುಚ್ಚಿ, ತೆರೆದು, ಮತ್ತೆ ಮುಚ್ಚಿ ನೋಡುತ್ತಾರೆ. ಅದಕ್ಕೆ ಹಿಡಿಯುವುದು ಮೂರು ತಾಸು. ಎರಡನೇ ಕ್ಲಿನಿಕ್ಕಿಗೆ ನಾಳೆ ಬಣ್ಣ ಬಳಿಯುವ ಕೆಲಸವಿದ್ದು, ಬೆಳಿಗ್ಗೆಯೇ ಅಲ್ಲಿನ ನರ್ಸ್ 'ಮುಚ್ಚಿದೆ' ಒತ್ತಿದ್ದರು. ಮಧ್ಯಾಹ್ನದವರೆಗೂ ಆ ಪುಟ 'ನಾಳೆ ಹತ್ತಕ್ಕೆ ಮಕ್ಕಳ ವೈದ್ಯರು' ಎನ್ನುತ್ತಲೇ ಇತ್ತು. ಈಗ ಇಲ್ಲ. ಎಷ್ಟು ತಾಯಂದಿರ ಬಸ್ಸಿನ ಹಾದಿ ಉಳಿಯಿತೋ, ಲೆಕ್ಕ ಇಟ್ಟವರಿಲ್ಲ. ಆಗದೇ ಹೋದ ಅನಾಹುತಕ್ಕೆ ಯಾವ ಆಫೀಸಿನಲ್ಲೂ ಫೈಲು ತೆರೆಯುವುದಿಲ್ಲ.

ಸಂಜೆ ಬಸ್ಸಿನಲ್ಲಿ, ಕಿಟಕಿಗೆ ತಲೆಯೊರಗಿಸಿ ಅಣ್ಣ ತಮ್ಮ ಆಸೆ ಹೇಳುತ್ತಾರೆ. ದೊಡ್ಡದೇನೂ ಅಲ್ಲ. ಪ್ರತಿ ಹೊಸ ಪರೀಕ್ಷೆಗೂ ಒಬ್ಬ ನರ್ಸನ್ನು ಅರ್ಧ ದಿನ ಪಕ್ಕದಲ್ಲಿ ಕೂರಿಸಬೇಕು, ಅಷ್ಟಕ್ಕೆ ಅನುಮತಿ ಬೇಕು. ಎರಡು ವರ್ಷದಿಂದ ಕೇಳುತ್ತಿದ್ದಾರೆ. "ನಂಗೆ ಕಾಲಂ ಗೊತ್ತು, ಅವರಿಗೆ ದಿನ ಗೊತ್ತು. ಎರಡೂ ಒಂದೇ ಮೇಜಿಗೆ ಬಂದ್ರೆ ಸಾಕು. ಪುಟ ನೋಡ್ಕೊಂಡು ಬಂದೋರಿಗೆ ಬಾಗಿಲು ತೆಗೆದಿರ್ಬೇಕು. ನಾನು ಯಾರು ಅಂತ ಗೊತ್ತಾಗಿ ಅವರಿಗೇನಾಗ್ಬೇಕು?"

ಐದಕ್ಕೆ ಐದು ನಿಮಿಷ. ಅದೇ ಕೋಣೆ, ಅದೇ ಹದಿನಾಲ್ಕು ಜನ. ಈ ಸಲವೂ ಕುರ್ಚಿಯಿಲ್ಲ. ಅಣ್ಣ ಸರಿಪಡಿಸುವ ಮುಂಚಿನ ತಪ್ಪು ವಿನ್ಯಾಸವನ್ನು ನಕಲು ಪುಟಕ್ಕೆ ಹಚ್ಚಿ, ಪರದೆ ಮೇಲೆ ಹಾಕಿ, ಮೌಸನ್ನು ಮುಖ್ಯ ವೈದ್ಯರ ಕೈಗೇ ಕೊಡುತ್ತಾರೆ. "ಮುಚ್ಚಿದೆ ಅಂತ ಒತ್ತಿ ಮೇಡಂ." ಅವರು ಒತ್ತುತ್ತಾರೆ. ಕಾಲಂ ಅಡಗುತ್ತದೆ. "ಈಗ ಆ ಸಮಯ ಅಳಿಸಿ ನೋಡೋಣ." ಮುಖ್ಯ ವೈದ್ಯರು ಮೇಲೆ ಹುಡುಕುತ್ತಾರೆ, ಕೆಳಗೆ ಹುಡುಕುತ್ತಾರೆ. "ಎಲ್ಲಿದೆ ಅದು?" ಅಂತ ಕೇಳಿ, ಸಿಸ್ಟರ್ ಕಡೆ ತಿರುಗಿ ನೋಡುತ್ತಾರೆ. ಯಾರೂ ನಗುವುದಿಲ್ಲ. ಅಣ್ಣ ಹೊರಗಿನ ಪುಟ ತೆರೆದು ತೋರಿಸುತ್ತಾರೆ: ಆರಕ್ಕೆ, ಎರಡು ಯಂತ್ರ.

ಆಮೇಲೆ ನೋಟ್‌ಬುಕ್ಕಿನಿಂದ ಹರಿದ ಹಾಳೆಯೊಂದನ್ನು ಮೇಜಿನ ಮೇಲಿಡುತ್ತಾರೆ. ಕೈಬರಹದಲ್ಲಿ ಮೂರು ವಾಕ್ಯ. ಸಿಸ್ಟರ್ ಸೋಮವಾರ ಮಾಡಿದ್ದು ಸರಿಯಾಗಿದೆ. ಹೊಸ ವಿನ್ಯಾಸ ಕ್ಲಿನಿಕ್ ಮುಚ್ಚಿದೆಯೇ ಎಂದು ನೋಡದೆ ಸಮಯ ತೋರಿಸುತ್ತಿತ್ತು. ನಾನು ಖಾಲಿ ಪುಟದಲ್ಲಿ ಮಾತ್ರ ಪರೀಕ್ಷಿಸಿದ್ದರಿಂದ ಅದು ನನಗೆ ಸಿಗಲಿಲ್ಲ, ನಾಲ್ಕು ತಿಂಗಳ ಹಿಂದಿನ ನನ್ನ ವರದಿ ತಪ್ಪು. ಕೆಳಗೆ ಸಹಿ, ಪೂರ್ತಿ ಹೆಸರಿನ ಸಮೇತ.

ಮುಖ್ಯ ವೈದ್ಯರು ಎರಡು ಸಲ ಓದುತ್ತಾರೆ. ಟೈಪ್ ಮಾಡಿದ್ದ ನೋಟಿಸನ್ನು ಫೈಲಿನಿಂದ ಎತ್ತಿ, ನಾಲ್ಕಾಗಿ ಹರಿದು, ಪಕ್ಕದ ಬುಟ್ಟಿಗೆ ಹಾಕುತ್ತಾರೆ. "ಸಿಸ್ಟರ್, ನಾಳೆ ಎಂದಿನಂತೆ ಡ್ಯೂಟಿಗೆ ಬನ್ನಿ" ಎನ್ನುತ್ತಾರೆ. ಸಿಸ್ಟರ್ ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗುತ್ತಾರೆ, ಬಹಳ ಹೊತ್ತು.

ವ್ಯವಸ್ಥಾಪಕರು ಮೂರು ವಾಕ್ಯದ ಹಾಳೆಯನ್ನು ಎರಡು ಬೆರಳಲ್ಲಿ ಎತ್ತಿಕೊಳ್ಳುತ್ತಾರೆ. ಹೊಸ ಕಂಪನಿಯನ್ನು ಕರೆತಂದವರು ಅವರೇ ಎಂಬುದು ಅಲ್ಲಿ ಎಲ್ಲರಿಗೂ ಗೊತ್ತು. ಎರಡನೇ ವಾಕ್ಯದ ಬಗ್ಗೆ ಅವರು ಚಕಾರ ಎತ್ತುವುದಿಲ್ಲ. ಮೂರನೆಯದರ ಮೇಲೆ ಬೆರಳಿಡುತ್ತಾರೆ.

"ತಪ್ಪು ನಂದು ಅಂತ ನೀನೇ ಬರ್ಕೊಟ್ಟಿದೀಯ. ಎಲ್ರ ಮುಂದೆ ಕೇಳ್ತಿದೀನಿ, ಹೇಳು. ನಾಳೆಯಿಂದ ನಿನ್ನ ಈ ಸಹೀನ ನಾವು ಯಾವ ಧೈರ್ಯದ ಮೇಲೆ ನಂಬ್ಬೇಕು?"

ಹದಿನಾಲ್ಕು ಜನ ಅಣ್ಣನ ಕಡೆ ತಿರುಗುತ್ತಾರೆ. ಉತ್ತರ ಆ ಮೂರನೇ ವಾಕ್ಯದಲ್ಲೇ ಇದೆ ಎಂಬಂತೆ ಅಣ್ಣ ಪರದೆಯ ತಂತಿ ಬಿಚ್ಚಿ, ಸುತ್ತಿ, ಮೇಜಿನ ಅಂಚಿಗೆ ನೀಟಾಗಿ ಇಡುತ್ತಾರೆ. ನೋಟ್‌ಬುಕ್ಕು ಕಂಕುಳಿಗೆ ಸೇರುತ್ತದೆ. ಮುಖ್ಯ ವೈದ್ಯರಿಗೆ ತಲೆಬಾಗಿ, ಸಿಸ್ಟರ್‌ಗೆ ಬಾಗಿಲು ತೆರೆದು ಹಿಡಿಯುತ್ತಾರೆ. ಅವರು ದಾಟಿದ ಮೇಲೆ ತಾವೂ ಹೊರಗೆ ಕಾಲಿಟ್ಟು, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು, ಮೆಟ್ಟಿಲಿಳಿದು ಹೋಗುತ್ತಾರೆ.